ನೀರು ಹಾಕುವ ಸೋಮವಾರ

ಅಂಜನಪ್ಪ ಬುಡಾಪೆಸ್ಟಿಗೆ ಬಂದು ಒಂದು ಚಳಿಗಾಲ ಪೂರ್ತಿ ಕಳೆದಿದ್ದ. ಆದರೂ ತಾನಿದ್ದ ಮನೆಯ ಒಡತಿಯನ್ನು ಒಂದು ಸಲವೂ ಬಾಯಿಬಿಟ್ಟು ಕರೆದಿರಲಿಲ್ಲ. ಏನಾದರೂ ಬೇಕಾದಾಗ ಅಡುಗೆಮನೆಯ ಬಾಗಿಲಿಗೆ ಹೋಗಿ ಕೆಮ್ಮುತ್ತಿದ್ದ. ಆಕೆ ತಿರುಗಿ ನೋಡುತ್ತಿದ್ದಳು. ಪಾಪ, ಬಿಸಿಲು ಸೀಮೆಯ ಹುಡುಗ, ಎದೆ ಗಟ್ಟಿಯಿಲ್ಲ ಎಂದುಕೊಂಡು ಕೆಮ್ಮಿದಾಗಲೆಲ್ಲ ಒಂದು ಲೋಟ ಬಿಸಿ ಹಾಲಿಗೆ ಜೇನುತುಪ್ಪ ಬೆರೆಸಿ ಕೊಡುತ್ತಿದ್ದಳು. ಸೋಪು ಕೇಳಲು ಹೋದರೂ ಹಾಲು, ಕೀಲಿ ಕೇಳಲು ಹೋದರೂ ಹಾಲು. ಮಾರ್ಚಿ ತಿಂಗಳ ಹೊತ್ತಿಗೆ ಅವನ ಕೋಟಿನ ಗುಂಡಿಗಳು ಹೊಟ್ಟೆಯ ಹತ್ತಿರ ಕಾಜಾದ ಮೇಲೆ ಮುನಿಸಿಕೊಂಡಿದ್ದವು.

ಕರೆಯದೆ ಇದ್ದದ್ದು ಕೊಬ್ಬಿನಿಂದಲ್ಲ. ಆಕೆಯ ಹೆಸರು ಇಲೋನಾ. ಆ ದೇಶದಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹೆಸರಿನ ಜೊತೆಗೆ ನೇನಿ ಎಂದು ಸೇರಿಸಿ ಕರೆಯುತ್ತಾರೆ. ಹಾಗೆಂದರೇನು ಎಂದು ಅವನು ಅದೇ ಊರಲ್ಲಿ ಓದುತ್ತಿದ್ದ ಕನ್ನಡದ ಗೆಳೆಯ ತಿಮ್ಮರಾಯಪ್ಪನನ್ನು ಕೇಳಿದ್ದ. ಬೆಂಗಳೂರಿನವರು ಆಂಟಿ ಅನ್ನುತ್ತಾರಲ್ಲ ಹಾಗೆ, ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಅಂಜನಪ್ಪನಿಗೆ ಅದು ಸಾಲಲಿಲ್ಲ. ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿಯ ಪಕ್ಕದ ಅವನ ಗೊಲ್ಲರಹಟ್ಟಿಯಲ್ಲಿ ಆಂಟಿ ಎನ್ನುವ ಜಾತಿಯೇ ಇರಲಿಲ್ಲ. ಅಲ್ಲಿ ಅಮ್ಮನ ವಾರಗೆಯ ಹೆಂಗಸು ದೊಡ್ಡಮ್ಮನೋ ಚಿಕ್ಕಮ್ಮನೋ ಆಗಿರಬೇಕು, ಇಲ್ಲವೇ ಅತ್ತೆಯಾಗಿರಬೇಕು. ದೊಡ್ಡಮ್ಮನಾದರೆ ಆಕೆಯ ಮಗಳು ಅಕ್ಕತಂಗಿ. ಅತ್ತೆಯಾದರೆ ಆಕೆಯ ಮಗಳು ಕಟ್ಟಿಕೊಳ್ಳುವ ವರಸೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಅವನ ನಾಲಿಗೆ ಏಳುತ್ತಿರಲಿಲ್ಲ. ಇಲೋನಾಗೆ ಯುಡಿತ್ ಎಂಬ ಮಗಳಿದ್ದಳು. ಬೇರೊಂದು ಊರಿನಲ್ಲಿ ಮೇಷ್ಟರ ಕೆಲಸಕ್ಕೆ ಓದುತ್ತಿದ್ದು, ಶನಿವಾರಗಳಲ್ಲಿ ಮನೆಗೆ ಬರುತ್ತಿದ್ದಳು. ಬಂದವಳು ಕೋಟು ಬಿಚ್ಚುವ ಮೊದಲೇ ನಗುತ್ತಿದ್ದಳು. ಹಾಗಾಗಿ ಅಂಜನಪ್ಪ ಕೆಮ್ಮುವುದರಲ್ಲೇ ಚಳಿಗಾಲ ದಾಟಿಸಿದ.

ಅವನು ಅಲ್ಲಿಗೆ ಹೋದದ್ದು ಕುರಿಯ ತಳಿಯ ಬಗ್ಗೆ ಓದಲು. ಸರ್ಕಾರದ ಸ್ಕಾಲರ್‌ಶಿಪ್ಪು ಬಂದ ಸುದ್ದಿ ತಿಳಿದ ದಿನ ಹಟ್ಟಿಯಲ್ಲಿ ಯಾರೂ ಹಿಗ್ಗಲಿಲ್ಲ; ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿಯ ತಂಗಿ ಕ್ಯಾತಮ್ಮನಂತೂ, ಕುರಿ ವಿಚಾರ ಕಲಿಯಾಕೆ ಇಮಾನ ಅತ್ತೀಯೇನ್ಲಾ, ನಮ್ ಕುರಿಗೊಳು ನಿಂಗೆ ಏನ್ ಅನ್ಯಾಯ ಮಾಡಿದ್ವು, ಎಂದು ಕೇಳಿ ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅದು ನಕ್ಕು ಬಂದ ನೀರೋ ಬೇರೆಯದೋ ಅವನಿಗೆ ಗೊತ್ತಾಗಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಏಪ್ರಿಲ್ ಅದು. ನಗರ ಕಂಬಳಿ ಒದ್ದು ಎದ್ದಿತ್ತು. ಚಳಿಗಾಲವಿಡೀ ಅಂಟಿಸಿಕೊಂಡಿದ್ದ ಕಿಟಕಿಗಳನ್ನು ಜನ ಗುದ್ದಿ ಗುದ್ದಿ ತೆಗೆಯುತ್ತಿದ್ದರು. ಹಳದಿ ಟ್ರಾಮುಗಳಲ್ಲಿ ಕೋಟುಗಳು ಮೈಮೇಲಿಂದ ತೋಳಿಗೆ ಬಂದಿದ್ದವು. ನದಿಯ ದಂಡೆಯ ಬೆಂಚುಗಳ ಮೇಲೆ ಗಂಡಸರು ಹೆಂಗಸರು ಕಣ್ಣು ಮುಚ್ಚಿ, ಗದ್ದ ಎತ್ತಿ, ಬಂಡೆಯ ಮೇಲಿನ ಓತಿಕ್ಯಾತಗಳ ಹಾಗೆ ಬಿಸಿಲಿಗೆ ಮುಖ ಕೊಟ್ಟು ಕೂತಿರುತ್ತಿದ್ದರು. ಮೊದಲ ದಿನ ಅಂಜನಪ್ಪ ಇವರಿಗೆಲ್ಲ ಮೈ ಸರಿಯಿಲ್ಲವೇನೋ ಎಂದುಕೊಂಡ. ಭಾಷೆಯ ತರಗತಿಯಲ್ಲಿ ಉಪಾಧ್ಯಾಯಿನಿ ಒಬ್ಬೊಬ್ಬರನ್ನೇ ಎಬ್ಬಿಸಿ, ವಸಂತ ಬಂದಾಗ ನಿಮ್ಮ ದೇಶದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಕ್ಯೂಬಾದವನು ಕುಣಿಯುತ್ತೇವೆ ಎಂದ. ವಿಯೆಟ್ನಾಮಿನವಳು ಹೂ ಕೀಳುತ್ತೇವೆ ಎಂದಳು. ಅಂಜನಪ್ಪ ಬಹಳ ಹೊತ್ತು ಯೋಚಿಸಿ, ನೆರಳು ಹುಡುಕುತ್ತೇವೆ ಎಂದ. ವ್ಯಾಕರಣ ಸರಿಯಿತ್ತೆಂದು ಆಕೆ ಮೆಚ್ಚಿದಳೇ ಹೊರತು ಉತ್ತರವನ್ನು ನಂಬಲಿಲ್ಲ.

ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಉಣ್ಣೆಯ ಎಳೆಗಳನ್ನು ಭೂತಗನ್ನಡಿಯ ಕೆಳಗಿಟ್ಟು ದಪ್ಪ ಅಳೆಯುವುದು, ಸಂಜೆ ಮನೆ. ದಿನದಲ್ಲಿ ಅವನಿಗೆ ಬೇಕಾಗಿದ್ದದ್ದು ಆ ಸಂಜೆ ಮಾತ್ರ. ಇಲೋನಾ ಅಡುಗೆಮನೆಯ ಮೇಜಿನ ಒಂದು ಕಡೆ ಕೂತು ಕಾಲುಚೀಲ ಹೊಲಿಯುವಳು, ಇವನು ಇನ್ನೊಂದು ಕಡೆ ಕೂತು ಪುಸ್ತಕ ಬಿಡಿಸುವನು. ಅವಳ ಭಾಷೆ ಇವನಿಗೆ ಅಷ್ಟಕ್ಕಷ್ಟೆ; ಇವನ ಭಾಷೆ ಅವಳಿಗೆ ಏನೇನೂ ಇಲ್ಲ. ಒಂದು ಮಾತೂ ಇಲ್ಲದೆ ಕತ್ತಲಾಗುತ್ತಿತ್ತು. ಮಾತಿಲ್ಲದೆ ಇರುವುದರಲ್ಲೂ ಬಗೆಬಗೆ ಇರುತ್ತದೆ. ಇದು ಹೇಳುವುದೆಲ್ಲ ಮುಗಿದು ಉಳಿಯುವ ಬಗೆಯದು. ಹಟ್ಟಿಯಲ್ಲಿ ಕುರಿ ರೊಪ್ಪದ ಮುಂದೆ ಅವನ ಅವ್ವ ಹೀಗೆಯೇ ಕೂತಿರುತ್ತಿದ್ದಳು. ಈ ಮನೆಗೆ ಬರುವ ಮೊದಲು ಅವನು ಹಾಸ್ಟೆಲಿನಲ್ಲಿದ್ದ. ಒಂದು ಕೋಣೆಗೆ ಆರು ಜನ, ಆರು ಜನಕ್ಕೆ ಮೂರು ಗಿಟಾರು. ಅಲ್ಲಿ ಅವನಿಗೆ ತನ್ನ ಉಸಿರೂ ಕೇಳಿಸುತ್ತಿರಲಿಲ್ಲ. ಈ ಕೋಣೆ ಕೈತಪ್ಪಿದರೆ ಮತ್ತೆ ಅಲ್ಲಿಗೇ.

ಅಲ್ಲಿಯವರ ವಸಂತದ ಹಬ್ಬದ ಹಿಂದಿನ ಶನಿವಾರ ಯುಡಿತ್ ಬಂದಳು. ಅಡುಗೆಮನೆಯಲ್ಲಿ ತಾಯಿ ಈರುಳ್ಳಿ ಸಿಪ್ಪೆ ಹಾಕಿ ಕೋಳಿಮೊಟ್ಟೆಗಳನ್ನು ಕೆಂಪಗೆ ಬೇಯಿಸುತ್ತಿದ್ದಳು. ಮಗಳು ಅಂಜನಪ್ಪನನ್ನು ಹೊರಗಿನ ಮೊಗಸಾಲೆಗೆ ಕರೆದು, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ವಿಷಯ ತಿಳಿಸಿದಳು. ಸೋಮವಾರ ಈ ದೇಶದ ಗಂಡಸರೆಲ್ಲ ಗುರುತಿನ ಹೆಂಗಸರ ಮನೆಗೆ ಹೋಗಿ, ನಾಲ್ಕು ಸಾಲಿನ ಒಂದು ಪದ್ಯ ಹೇಳಿ, ಅವರ ಮೇಲೆ ನೀರು ಹಾಕಿ, ಒಂದು ಬಣ್ಣದ ಮೊಟ್ಟೆ ಪಡೆಯುತ್ತಾರೆ. ನೀರು ಬೀಳದ ಹೆಣ್ಣು ಆ ವರ್ಷ ಬಾಡಿಹೋಗುತ್ತಾಳೆಂದು ನಂಬಿಕೆ. ಅಪ್ಪ ಸತ್ತ ಮೇಲೆ ಅಮ್ಮನಿಗೆ ಯಾರೂ ನೀರು ಹಾಕಿಲ್ಲ. ಆದರೂ ಪ್ರತಿ ವರ್ಷ ಒಳ್ಳೆಯ ಬಟ್ಟೆ ಉಟ್ಟು ಮಧ್ಯಾಹ್ನದವರೆಗೆ ಕಾಯುತ್ತಾಳೆ. ಹೋದ ವರ್ಷ ಇದೇ ಕೋಣೆಯಲ್ಲಿದ್ದ ಹುಡುಗ ಆ ಸೋಮವಾರ ಹೊದ್ದು ಮಲಗಿಬಿಟ್ಟ. ಅಮ್ಮ ಅವನಿಗೆ ಒಂದು ಮಾತೂ ಆಡಲಿಲ್ಲ. ಆ ವಾರವೇ ಅವನ ಪೆಟ್ಟಿಗೆಯನ್ನು ಮೊಗಸಾಲೆಗೆ ತಂದಿಟ್ಟಳು, ಅಷ್ಟೆ.

ಇಷ್ಟು ಹೇಳಿ, ಅಮ್ಮನಿಗೆ ಹಾಕಿದ ಮೇಲೆ ತನಗೂ ಹಾಕಬೇಕು ಎಂದು ಸೇರಿಸಿ, ನಗುತ್ತ ಒಳಗೆ ಹೋದಳು. ಅಂಜನಪ್ಪ ಕಂಬಿ ಹಿಡಿದುಕೊಂಡು ನಿಂತ.

ನೀರು ಹಾಕುವುದೆಂದರೇನು ಅವನಿಗೆ ಗೊತ್ತಿಲ್ಲದ್ದಲ್ಲ. ಯುಗಾದಿ ಕಳೆದ ಮೇಲೆ ಅವನ ಹಟ್ಟಿಯಲ್ಲೂ ಓಕುಳಿ ಆಡುತ್ತಿದ್ದರು. ಆದರೆ ಅಲ್ಲಿ ಒಂದು ಚೊಂಬು ನೀರಿಗೂ ಲೆಕ್ಕವಿತ್ತು. ಗಂಡಸು ನೀರು ಎರಚಬೇಕಾದದ್ದು ವರಸೆಯ ಹೆಣ್ಣಿನ ಮೇಲೆ ಮಾತ್ರ, ಅಂದರೆ ಅತ್ತೆಯ ಮಗಳೋ ಸೋದರಮಾವನ ಮಗಳೋ. ಮದುವೆಯಾಗದ ಗಂಡು ಮದುವೆಯಾಗದ ಹೆಣ್ಣಿಗೆ ತುಂಬಿದ ಬಿಂದಿಗೆ ಸುರಿದರೆ ಹಿರಿಯರು ಪರಸ್ಪರ ಮುಖ ನೋಡಿಕೊಂಡು, ಗಂಡಿನ ಮನೆದೇವರು ಯಾವುದೆಂದು ಕೇಳಿ, ಎಲೆಅಡಿಕೆ ತರಿಸುತ್ತಿದ್ದರು. ಅವನ ಸ್ವಂತ ಅಣ್ಣ ಮಾರಣ್ಣನ ಮದುವೆ ಆದದ್ದೇ ಹಾಗೆ. ಅವನು ಗುರಿ ಹಿಡಿದದ್ದು ಅತ್ತೆಯ ಮಗಳು ಚಿಕ್ಕಲಕ್ಷ್ಮಮ್ಮನಿಗೆ. ಅವಳು ತಟ್ಟನೆ ಬಗ್ಗಿದಳು. ಹಿಂದೆ ಸಗಣಿ ಮಂಕರಿ ಹೊತ್ತು ಹೋಗುತ್ತಿದ್ದ ಸೋದರಮಾವನ ಮಗಳು ನಾಗಕ್ಕನ ನೆತ್ತಿಯಿಂದ ಅಂಗಾಲಿನವರೆಗೆ ನೀರು ಇಳಿಯಿತು. ಕೈ ಜಾರಿತು ಎಂದು ಮಾರಣ್ಣ ಎಷ್ಟು ಹೇಳಿಕೊಂಡರೂ ಯಾರೂ ಕೇಳಲಿಲ್ಲ. ಮುಂಗಾರಿಗೆ ಮೊದಲೇ ತಾಳಿ ಕಟ್ಟಿಸಿದರು. ಇವತ್ತಿಗೂ ಯುಗಾದಿ ಬಂತೆಂದರೆ ನಾಗಕ್ಕ ಒಬ್ಬಟ್ಟು ಬಡಿಸುತ್ತ, ಅವತ್ತು ನಿನ್ನ ಗುರಿ ಯಾರ ಮೇಲಿತ್ತು ಎಂದು ಕೇಳುತ್ತಾಳೆ. ಇದು ಸರಿಯಾದ ವರಸೆಗೆ ನೀರು ಬಿದ್ದ ಕತೆ. ಕದಿರಯ್ಯನೆಂಬವನು ದೊಡ್ಡಮ್ಮನ ಮಗಳ ಮೇಲೆ, ಅಂದರೆ ತಂಗಿಯಾಗಬೇಕಾದವಳ ಮೇಲೆ ಗೊತ್ತಿಲ್ಲದೆ ಎರಚಿ, ಹಟ್ಟಿಗೆಲ್ಲ ತಪ್ಪೊಪ್ಪಿ, ಕಟ್ಟುಮಸ್ತಾದ ಟಗರು ದಂಡ ಕೊಟ್ಟಿದ್ದ.

ಹೀಗಾಗಿ ಇಲೋನಾಳನ್ನು ಅತ್ತೆ ಎಂದುಕೊಂಡು ಯುಡಿತ್‌ಗೆ ನೀರು ಹಾಕಿದರೆ ಎಲೆಅಡಿಕೆ. ದೊಡ್ಡಮ್ಮ ಎಂದುಕೊಂಡು ಹಾಕಿದರೆ ಟಗರು. ಹಾಕದೆ ಇದ್ದರೆ ಪೆಟ್ಟಿಗೆ ಮೊಗಸಾಲೆಯಲ್ಲಿ.

ಅವನು ಸೀದಾ ನದಿಯ ದಂಡೆಗೆ ಹೋಗಿ ತಿಮ್ಮರಾಯಪ್ಪನನ್ನು ಹಿಡಿದ. ಸಿರಾ ತಾಲ್ಲೂಕು ಮದಲೂರಿನ ರೈತರ ಮನೆಯ ತಿಮ್ಮರಾಯಪ್ಪ ಇವನಿಗಿಂತ ಎರಡು ವರ್ಷ ಮೊದಲು ನೀರಾವರಿ ಓದಲು ಬಂದವನು. ಕೆರೆ, ಕಾಲುವೆ, ನದಿಗಳ ಲೆಕ್ಕವೆಲ್ಲ ಅವನ ಬಾಯಲ್ಲಿ. ಇಬ್ಬರಿಗೂ ಪರಿಚಯವಾದದ್ದು ತುಂಬಿದ ಟ್ರಾಮಿನಲ್ಲಿ, ಅಂಜನಪ್ಪ ಅವನ ಕಾಲು ತುಳಿದು, ಅವನು ಅಯ್ಯೋ ಶಿವನೆ ಎಂದಾಗ. ಅವತ್ತು ಇಬ್ಬರೂ ಇಳಿಯಬೇಕಾದ ಸ್ಟಾಪು ಬಿಟ್ಟು ಊರ ಕೊನೆಯವರೆಗೆ ಹೋಗಿದ್ದರು.

ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ ತಿಮ್ಮರಾಯಪ್ಪ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಕೇಳಿದ.

“ಇಷ್ಟಕ್ಕೆ ಯಾಕ್ಲಾ ಇಂಗೆ ಮುಖ ಬಾಡಿಸ್ಕಂಡಿದ್ದೀಯ? ಬಿಂದಿಗೆ ಗಿಂದಿಗೆ ಎಲ್ಲಾ ಹಳ್ಳಿ ಕಡೆ. ಇಲ್ಲಿ ಒಂದು ಸೀಸೆ ಸೆಂಟು ತಗಂಡು ತಲೆ ಮ್ಯಾಲೆ ಎರಡು ತೊಟ್ಟು ಚಿಮುಕ್ಸಿ ಬಂದ್ಬುಡು. ಹೋದ ವರ್ಷ ನಾನು ನಮ್ ಪ್ರೊಫೆಸರ್ ಹೆಂಡ್ರಿಗೇ ಚಿಮುಕ್ಸಿದೆ. ಪ್ರೊಫೆಸರೇ ಪಕ್ಕದಾಗೆ ನಿಂತ್ಕಂಡು ಕೇಕ್ ಕೊಟ್ರು.”

“ನಿಮ್ ಕಡೆ ವರಸೆ ನೋಡಾಕಿಲ್ವೇನಣ್ಣ?”

“ನೋಡ್ತೀವಿ. ಆದ್ರೆ ಅದಕ್ಕೆ ಪಾಸ್‌ಪೋರ್ಟ್ ಸಿಗ್ಲಿಲ್ಲ ಕಣ್ಲಾ. ಸಿರಾದಾಗೇ ಉಳ್ಕಂತು.”

“ನಂದು ಜೊತೇಲೇ ಬಂದೈತೆ,” ಎಂದ ಅಂಜನಪ್ಪ.

ಮದುವೆ ಮನೆಯ ಬಾಗಿಲಲ್ಲಿ ಬಂದವರಿಗೆಲ್ಲ ಪನ್ನೀರು ಚಿಮುಕಿಸುವುದಿಲ್ಲವೆ, ಹಾಗೆಂದುಕೋ ಎಂದು ತಿಮ್ಮರಾಯಪ್ಪ ಬುದ್ಧಿ ಹೇಳಿದ. ಅಂಜನಪ್ಪ ಅದನ್ನೂ ಒಪ್ಪಲಿಲ್ಲ. ಪನ್ನೀರು ಚಿಮುಕಿಸಬೇಕಾದರೆ ಒಳಗೆ ಮದುವೆ ನಡೆಯುತ್ತಿರಬೇಕು. ಇಲ್ಲಿ ಮದುವೆ ಯಾರದು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ತಿಮ್ಮರಾಯಪ್ಪ ಒಂದು ಕಣ್ಣು ತೆರೆದು, ಆ ಹುಡುಗಿ ಹಸಿರು ಕೋಟಿನವಳೇ ತಾನೆ ಎಂದು ಕೇಳಿದ. ಹೌದೆಂದ ಮೇಲೆ, ಸೋಮವಾರ ಬೆಳಿಗ್ಗೆ ತಾನೂ ಧೈರ್ಯಕ್ಕೆ ಜೊತೆಗೆ ಬರುವುದಾಗಿ ಮಾತು ಕೊಟ್ಟ. ಪದ್ಯವನ್ನೂ ಅವನೇ ಬಾಯಿಪಾಠ ಮಾಡಿಸಿದ. ಹೂವಿನ ವಿಚಾರ, ನಾಲ್ಕೇ ಸಾಲು. ಅಂಜನಪ್ಪ ಅದನ್ನು ಟ್ರಾಮಿನಲ್ಲಿ ಗೊಣಗುತ್ತ ಹೋದ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಭಾನುವಾರವಿಡೀ ಅವನು ಯೋಚಿಸಿದ. ತಲೆಯ ಮೇಲೆ ಹಾಕುವ ನೀರಿಗೆ ತಾನೆ ವರಸೆಯ ತಕರಾರು. ವರಸೆ ಕೇಳದ ನೀರು ಒಂದಾದರೂ ಇರಬೇಕಲ್ಲ. ಹಿಂದಿನದನ್ನೆಲ್ಲ ಕೆದಕುತ್ತ ಹೋದಾಗ ಸಂಜೆಗೆ ಅದು ಸಿಕ್ಕಿತು. ಮೇವಿಲ್ಲದ ದಿನಗಳಲ್ಲಿ ಮಂದೆ ಎಬ್ಬಿಸಿಕೊಂಡು ದೂರದ ಸೀಮೆಗೆ ಹೊರಡುವ ಬೆಳಿಗ್ಗೆ, ಹಟ್ಟಿಯ ಗಂಡುಮಕ್ಕಳು ಅವ್ವನ ಕಾಲಿಗೆ, ಅವ್ವ ಇಲ್ಲದವರು ದೊಡ್ಡಮ್ಮನ ಕಾಲಿಗೆ, ಒಂದು ಚೊಂಬು ನೀರು ಹಾಕಿ ಹೊರಡುತ್ತಿದ್ದರು. ಅದಕ್ಕೆ ಯಾರೂ ಎಲೆಅಡಿಕೆ ತರಿಸುತ್ತಿರಲಿಲ್ಲ, ಟಗರು ಕೇಳುತ್ತಿರಲಿಲ್ಲ.

ಸೋಮವಾರ ಊರಿಗೆ ಊರೇ ಅತ್ತರಿನ ಅಂಗಡಿಯಾಗಿತ್ತು. ಗಂಡಸರು ಜೇಬಿನಲ್ಲಿ ಸೀಸೆ ಇಟ್ಟುಕೊಂಡು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಇಲೋನಾ ನೀಲಿ ಉಡುಪು ಹಾಕಿ, ಕೂದಲು ಸುರುಳಿ ಮಾಡಿಕೊಂಡು, ಮೇಜಿನ ಮೇಲೆ ತಿಂಡಿಗಳನ್ನೂ ಬಣ್ಣದ ಮೊಟ್ಟೆಗಳ ಬುಟ್ಟಿಯನ್ನೂ ಜೋಡಿಸಿ, ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾಲಲ್ಲಿ ತುಪ್ಪಟದ ಚಪ್ಪಲಿ. ಯುಡಿತ್ ಹಿಂದೆ ನಿಂತಿದ್ದಳು. ಅಂಜನಪ್ಪ ಒಂದು ಜಗ್ಗಿನ ತುಂಬ ಬೆಚ್ಚಗಿನ ನೀರು ಹಿಡಿದು ಬಂದ. ಜಗ್ಗು ಕಂಡ ಯುಡಿತ್ ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಬೆನ್ನಿಗೆ ತಿಮ್ಮರಾಯಪ್ಪ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ.

ಪದ್ಯ ಹೇಳಬೇಕಿತ್ತು. ಅಂಜನಪ್ಪ ಬಾಯಿ ತೆರೆದ. ಹೂವು ಮರೆತುಹೋಗಿತ್ತು. ಹೂವಿನ ಹಿಂದೆ ಮುಂದೆ ಇದ್ದದ್ದೂ ಮರೆತುಹೋಗಿತ್ತು. ಇಲೋನಾ ಕತ್ತೆತ್ತಿ ಕಾಯುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿ ಕೇಳಿ ರಕ್ತಕ್ಕಿಳಿದಿದ್ದ ಒಂದೇ ಒಂದು ರಾಗ, ಕೊಡಿಗೇನಹಳ್ಳಿ ಬಸ್‌ ಸ್ಟ್ಯಾಂಡಿನ ಕಂಡಕ್ಟರನ ರಾಗ, ತಾನೇ ಹೊರಗೆ ಬಂತು.

“ಮಧುಗಿರಿ, ಕೊರಟಗೆರೆ, ತುಮಕೂರ್... ಮಧುಗಿರಿ, ಕೊರಟಗೆರೆ, ತುಮಕೂರ್... ಹತ್ತಿ ಹತ್ತಿ, ಒಳಗೆ ಜಾಗ ಐತೆ, ಒಳಗೆ ಜಾಗ ಐತೆ.”

ತಿಮ್ಮರಾಯಪ್ಪ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜಗಳು ಅಲುಗುತ್ತಿದ್ದವು. ಅಂಜನಪ್ಪ ಮೊಣಕಾಲೂರಿ, ಇಲೋನಾಳ ಬಲಗಾಲಿನ ಮೇಲೆ, ಚಪ್ಪಲಿಯ ಸಮೇತ, ನೀರು ಹಾಕಿದ.

ತುಪ್ಪಟದ ಚಪ್ಪಲಿ ಮಳೆಗೆ ಸಿಕ್ಕಿದ ಕುರಿಮರಿಯ ಹಾಗೆ ಮುದುಡಿತು. ನೀರು ನೆಲದ ಹಂಚುಗಳ ಸಂದಿನಲ್ಲಿ ಹರಿದು ಹೊಸಿಲವರೆಗೆ ಹೋಯಿತು. ಈ ಅಡುಗೆಮನೆಯ ಮೌನದ ಬಗೆಗಳೆಲ್ಲ ತನಗೆ ಗೊತ್ತೆಂದುಕೊಂಡಿದ್ದ ಅಂಜನಪ್ಪನಿಗೆ ಈಗಿನದರ ತಲೆಬುಡ ತಿಳಿಯಲಿಲ್ಲ. ಬಗ್ಗಿದ ತಲೆ ಬಗ್ಗಿದಂತೆಯೇ ಇಟ್ಟುಕೊಂಡು, ತನ್ನ ಪೆಟ್ಟಿಗೆಗೆ ಕಟ್ಟಲು ಹಗ್ಗ ಎಲ್ಲಿ ಸಿಕ್ಕೀತು ಎಂದು ಯೋಚಿಸಿದ. ಆಮೇಲೆ ಒದ್ದೆ ಚಪ್ಪಲಿಯೊಂದು ಪಕ್ಕಕ್ಕೆ ಸರಿಯಿತು. ಅದರ ಜೊತೆಯದೂ ಸರಿಯಿತು. ಇಲೋನಾ ಎಡಗಾಲನ್ನು ಮುಂದಕ್ಕೆ ಚಾಚಿದಳು.

ಆ ಕಟ್ಟಡ ನಮ್ಮ ಕಡೆಯ ತೊಟ್ಟಿಮನೆಯನ್ನು ಹಿಡಿದು ನಾಲ್ಕು ಅಂತಸ್ತು ಎಳೆದು ನಿಲ್ಲಿಸಿದ ಹಾಗಿತ್ತು. ನಡುವೆ ಅಂಗಳ, ಪ್ರತಿ ಅಂತಸ್ತಿಗೂ ಸುತ್ತ ಮೊಗಸಾಲೆ. ಒಂದು ಮನೆಯ ಬಾಗಿಲಲ್ಲಿ ನಡೆದದ್ದು ಎಲ್ಲರಿಗೂ ಕಾಣುತ್ತಿತ್ತು. ಎದುರಿನ ಮುದುಕಿ ಕಂಡಳು, ಮೇಲಿನವಳನ್ನು ಕೂಗಿದಳು. ಬೆಳಗಿನಿಂದ ಉಳಿದ ಮನೆಗಳಿಗೆ ಸೆಂಟಿನ ವಾಸನೆ ಹೊತ್ತು ಹತ್ತು ಜನ ಬಂದು ಹೋಗಿರಬಹುದು, ಆದರೆ ಮೊಣಕಾಲೂರಿದವರು ಯಾರೂ ಇರಲಿಲ್ಲ. ನೋಡುತ್ತಿದ್ದಂತೆ ಬಾಗಿಲು ಬಾಗಿಲಿಗೂ ಕುರ್ಚಿಗಳು ಬಂದವು. ಕುರ್ಚಿಗಳ ಮೇಲೆ ಕಾಲುಚೀಲ ಬಿಚ್ಚಿಟ್ಟ ಮುದುಕಿಯರು.

ಇಲ್ಲ ಎನ್ನಲು ಅಂಜನಪ್ಪನಿಗೆ ಆ ಭಾಷೆಯಲ್ಲಿ ಸಾಕಷ್ಟು ಪದಗಳಿರಲಿಲ್ಲ. ನೀರಾವರಿ ಓದಲು ಬಂದಿದ್ದ ತಿಮ್ಮರಾಯಪ್ಪ ಬಕೆಟ್ಟಿನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತಿದ. ಒಬ್ಬೊಬ್ಬರಿಗೂ ಪದ್ಯ ಬೇಕಾಗಿತ್ತು. ಒಂದನ್ನೇ ಹೇಳಿದರೆ ಪಕ್ಕದವಳ ಎಂಜಲು ತಮಗೆ ಕೊಟ್ಟಂತಾಗುವುದೆಂದು ಅಂಜನಪ್ಪ ಎರಡನೇ ಅಂತಸ್ತಿಗೆ ಸಿರಾ, ಹಿರಿಯೂರು ಕಡೆ ಹೊರಟ. ಮೂರನೆಯದಕ್ಕೆ ಪಾವಗಡ, ಬಲಸಮುದ್ರ. ನಾಲ್ಕನೆಯ ಅಂತಸ್ತಿನಲ್ಲಿ ಉಸಿರು ಸಾಲದೆ, ಎಲ್ಲೂ ನಿಲ್ಲಿಸದ ಎಕ್ಸ್‌ಪ್ರೆಸ್ಸು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ ಮತ್ತೊಮ್ಮೆ ಹೇಳಿಸಿದಳು. ಪ್ರತಿ ಮನೆಯಲ್ಲೂ ಒಂದು ಬಣ್ಣದ ಮೊಟ್ಟೆ ಕೊಟ್ಟರು. ಹಟ್ಟಿಯೊಳಕ್ಕೆ ಕೋಳಿಯನ್ನೇ ಬಿಡದ ಕುಲದವನ ಎರಡೂ ಜೇಬು ಉಬ್ಬಿದವು. ಕ್ಯಾತಮ್ಮ ಕಂಡರೆ ಏನೆಂದಾಳೋ ಎಂದು ಅವನು ಅವನ್ನು ತಿಮ್ಮರಾಯಪ್ಪನಿಗೆ ಸಾಗಿಸುತ್ತಲೇ ಇದ್ದ.

ನಾಲ್ಕನೆಯ ಅಂತಸ್ತಿನ ಮಾರ್ಗಿತ್ ಗಟ್ಟಿ ಹೆಂಗಸು. ಎರಡೂ ಕಾಲಿಗೆ ನೀರು ಹಾಕಿಸಿಕೊಂಡವಳು ಅಂಜನಪ್ಪನ ಕೈ ಬಿಡಲಿಲ್ಲ. ತನ್ನಲ್ಲೊಂದು ಕೋಣೆ ಖಾಲಿಯಿದೆ, ಬೀದಿಗೆ ಕಿಟಕಿಯಿದೆ, ಮೈ ಚಾಚಿ ಮಲಗುವಂಥ ಸ್ನಾನದ ತೊಟ್ಟಿಯಿದೆ, ನಾಳೆಯೇ ಬಂದುಬಿಡು ಎಂದಳು. ತೊಟ್ಟಿ ತೋರಿಸಲು ಎಳೆದಳು ಕೂಡ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸಪ್ಪಳ ಕೇಳಿತು. ಇಲೋನಾ ಬರಿಗಾಲಿನಲ್ಲಿ, ಹೊಸ ನೀಲಿ ಉಡುಪಿನ ತುದಿ ಎತ್ತಿ ಹಿಡಿದು, ನಾಲ್ಕನೆಯ ಅಂತಸ್ತಿನವರೆಗೆ ಹತ್ತಿ ಬಂದಿದ್ದಳು. ಉಸಿರು ಸುಧಾರಿಸಿಕೊಂಡು ಮಾರ್ಗಿತ್‌ಳನ್ನು ನೋಡಿದಳು. ಚಳಿಗಾಲವಿಡೀ ಅವಳ ಬಾಯಿಂದ ಅಷ್ಟು ದೃಢವಾದ ಮಾತು ಅಂಜನಪ್ಪ ಕೇಳಿರಲಿಲ್ಲ.

“ಇವನಿಗೆ ಮನೆ ಇದೆ,” ಎಂದಳು.

ಮಾರ್ಗಿತ್ ಕೈ ಬಿಟ್ಟಳು. ಅಂಜನಪ್ಪ ಇಲೋನಾಳ ಹಿಂದೆ ಹಿಂದೆ ಮೆಟ್ಟಿಲಿಳಿದ. ಕೆಳಗೆ ಬಂದಾಗ ಆಕೆ ನಿಂತು, ನಿಮ್ಮ ಊರಿನಲ್ಲಿ ಹೀಗೆ ಯಾರ ಕಾಲಿಗೆ ನೀರು ಹಾಕುತ್ತೀರಿ ಎಂದು ಕೇಳಿದಳು. ಅಂಜನಪ್ಪ ತನ್ನಲ್ಲಿದ್ದ ಪದಗಳನ್ನೆಲ್ಲ ಕೂಡಿಸಿ, ತಾಯಿಗೆ, ತಾಯಿಯ ಅಕ್ಕನಿಗೆ ಎಂದ. ತಾಯಿಯ ಅಕ್ಕನನ್ನು ನಿಮ್ಮಲ್ಲಿ ಏನೆಂದು ಕರೆಯುತ್ತೀರಿ ಎಂದು ಆಕೆ ಮತ್ತೆ ಕೇಳಿದಳು. ಯುಡಿತ್ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಒಂದು ಹನಿಯೂ ಬೀಳದ ಕೂದಲು ಅಂಗಳದ ಬಿಸಿಲಿಗೆ ಹೊಳೆಯುತ್ತಿತ್ತು. ಬುಟ್ಟಿಯಲ್ಲಿದ್ದ ಮೊಟ್ಟೆಗಳಲ್ಲೆಲ್ಲ ಚೆನ್ನಾಗಿ ಚಿತ್ತಾರ ಬರೆದದ್ದೊಂದನ್ನು ಅವಳು ಕೈಯಲ್ಲಿ ಹಿಡಿದಿದ್ದಳು. ಅತ್ತೆ ಎನ್ನಲು ಅರ್ಧ ಉಸಿರು ಸಾಕಿತ್ತು. ಅಂಜನಪ್ಪ ಆ ಕೂದಲನ್ನು ನೋಡಿದ, ಇಲೋನಾಳ ಒದ್ದೆ ಕಾಲುಗಳನ್ನು ನೋಡಿದ.

“ದೊಡ್ಡಮ್ಮ,” ಎಂದ.

ಇಲೋನಾ ಅದನ್ನು ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ ನೋಡಿ, ಕೊನೆಗೆ ಸರಿಯಾಗಿಯೇ ಅಂದಳು. ತೃಪ್ತಿಯಿಂದ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಮೊಗಸಾಲೆಯಲ್ಲಿ ಮೂವರೂ ಉಳಿದರು. ತಿಮ್ಮರಾಯಪ್ಪ ಖಾಲಿ ಬಕೆಟ್ಟು ಕೆಳಗಿಟ್ಟು, ಕೂದಲು ಸರಿಮಾಡಿಕೊಂಡು, ಬೆಳಗಿನಿಂದ ಜೇಬಿನಲ್ಲಿ ಬೆಚ್ಚಗಿದ್ದ ಸೆಂಟಿನ ಸೀಸೆ ಹೊರಗೆ ತೆಗೆದ.

“ಅಲ್ಲಾ ಅಂಜನ, ಆಯಮ್ಮ ನಿಂಗೆ ದೊಡ್ಡಮ್ಮ ಅಂದ್ಮ್ಯಾಲೆ ಈ ಹುಡುಗಿ ತಂಗಿ ಆದ್ಲು. ನೀನಂತೂ ನೀರು ಹಾಕಂಗಿಲ್ಲ. ಪಾಪ, ಒಣಗ್ಕಂಡು ನಿಂತವ್ಳೆ. ನಾನು ಎರಡು ತೊಟ್ಟು ಹಾಕ್ಲೇನಪ್ಪ?”

ಅಂಜನಪ್ಪ ಜಗ್ಗನ್ನು ಗೋಡೆಯ ಪಕ್ಕಕ್ಕಿಟ್ಟ. ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಇಬ್ಬರ ನಡುವೆ ಬಂದು, ಹಟ್ಟಿಯ ಹಿರಿಯರು ನಿಲ್ಲುವ ಹಾಗೆ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತ.

“ಸೀಸೆ ಜೇಬಿಗಿಡಣ್ಣ,” ಎಂದ. “ಮೊದ್ಲು ಹೇಳು, ನಿಮ್ ಮನೆ ದೇವ್ರು ಯಾವ್ದು?”